ಸಪ್ಪಲಮ್ಮನ ಸೆಂಟ್ರಿಂಗ್ ಹಲಗೆಗಳು

ಎಪ್ಪತ್ತೈದರ ಬೇಸಿಗೆಯಲ್ಲಿ, ಜಯನಗರದ ಮನೆಯೊಂದಕ್ಕೆ ಸೆಂಟ್ರಿಂಗ್ ಕಟ್ಟುತ್ತಿದ್ದ ಗಂಗಯ್ಯ ಮೇಲಿಂದ ಬಿದ್ದ. ಬೆನ್ನುಮೂಳೆ ಮುರಿಯಿತು. ಆಸ್ಪತ್ರೆಯಿಂದ ಸಾರಕ್ಕಿಯ ಮನೆಗೆ ಕರೆತಂದಾಗ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ತಾರಸಿಯ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದರ ಭಾರವನ್ನೆಲ್ಲ ಹೊರುವುದು ಕೆಳಗೆ ನಿಲ್ಲಿಸಿದ ಕಂಬ ಮತ್ತು ಹಲಗೆಗಳು. ಅವನ್ನು ಕಟ್ಟುವ ಸೆಂಟ್ರಿಂಗ್ ಕೆಲಸದಲ್ಲಿ ಗಂಗಯ್ಯನದು ಎತ್ತಿದ ಕೈ ಎಂದು ಸುತ್ತಮುತ್ತ ಹೆಸರಿತ್ತು. ಅಂಥ ಮನುಷ್ಯ ಈಗ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಹೆಂಡತಿ ಸಪ್ಪಲಮ್ಮ ಮದುವೆಗೆ ಮುಂಚಿನಿಂದಲೂ ಗಾರೆ ಕೆಲಸಕ್ಕೆ ಹೋಗುತ್ತಿದ್ದವಳು. ಇನ್ನು ಮೇಲೆ ಮನೆ ನಡೆಯುವುದು ತನ್ನ ಕೂಲಿಯಿಂದಲೇ ಎಂಬುದು ಅವಳಿಗೆ ಯಾರೂ ಹೇಳದೆ ಗೊತ್ತಾಯಿತು. ಅಳುತ್ತಾ ಕೂರಲು ಪುರುಸೊತ್ತಿರಲಿಲ್ಲ. ಜೆ.ಪಿ. ನಗರದಲ್ಲಿ, ಬನಶಂಕರಿಯಲ್ಲಿ ಹೊಲಗಳೆಲ್ಲ ಸೈಟುಗಳಾಗಿ ಮನೆಗಳು ಏಳುತ್ತಿದ್ದ ಕಾಲ ಅದು. ತಲೆಯ ಮೇಲೆ ಗಾರೆ ತುಂಬಿದ ಬಾಂಡ್ಲಿ ಹೊತ್ತು ಓಡಾಡುವಾಗ ಅವಳು ಒಂದು ಸಂಗತಿ ಗಮನಿಸಿದಳು. ಗೋಡೆ ಎದ್ದ ಮನೆಗಳು ತಾರಸಿ ಕಾಣದೆ ವಾರಗಟ್ಟಲೆ ಬಿಸಿಲಿಗೆ ಮಳೆಗೆ ಒಡ್ಡಿಕೊಂಡು ನಿಲ್ಲುತ್ತಿದ್ದವು. ಬಾಡಿಗೆಯ ಹಲಗೆ, ಕಂಬ ಪೇಟೆಯ ಕಡೆಯಿಂದ ಬರಬೇಕಿತ್ತು. ಕೇಳಿದಾಗಲೆಲ್ಲ ಅವು ಇನ್ನೊಬ್ಬರ ಮನೆಯಲ್ಲಿ ಸಿಕ್ಕಿಕೊಂಡಿರುತ್ತಿದ್ದವು. ಇಲ್ಲೇ ಯಾರಾದರೂ ಇಟ್ಟುಕೊಂಡರೆ ಎಷ್ಟು ಚೆನ್ನ ಅಂದುಕೊಳ್ಳುತ್ತಿದ್ದವಳು ಒಂದು ದಿನ ಕೆಲಸದಿಂದ ಮರಳುವ ದಾರಿಯಲ್ಲಿ, ನಾನೇ ಯಾಕೆ ಇಟ್ಟುಕೊಳ್ಳಬಾರದು ಅಂದುಕೊಂಡಳು.

ಗಂಡನಿಗೆ ಹೇಳಿದಾಗ ಅವನು, ಅದು ಹೆಂಗಸರ ಕೈಲಾಗುವ ಕೆಲಸವಲ್ಲ ಎಂದಷ್ಟೇ ಹೇಳಿ ಕಣ್ಣು ಮುಚ್ಚಿಕೊಂಡ.

ಊರಾಚೆ ಪರಮಶಿವಯ್ಯ ಎಂಬುವವರ ಟೆಂಟ್ ಸಿನಿಮಾ ಇತ್ತು. ಆ ಜಾಗವೂ ಬಡಾವಣೆಗೆ ಸೇರಿ, ನೆಲ ಖಾಲಿ ಮಾಡಿಕೊಡಲು ಅವರಿಗೆ ಗಡುವು ಬಂದಿತ್ತು. ಸುದ್ದಿ ಕಿವಿಗೆ ಬಿದ್ದ ಮಾರನೆಯ ಬೆಳಿಗ್ಗೆಯೇ ಸಪ್ಪಲಮ್ಮ ಅಲ್ಲಿ ನಿಂತಿದ್ದಳು.

"ಜಾಗ ನಾನು ಸಾಫ್ ಮಾಡ್ಕೊಡ್ತೀನಿ ಸಾಮಿ, ಒಂದು ಮೊಳೆನೂ ಬಿಡಲ್ಲ. ಕೂಲಿ ಬೇಡ. ಬೆಂಚು, ಕಂಬ ನನಗೆ ಬಿಟ್ಬಿಡಿ."

"ಬೆಂಚು ತಗೊಂಡು ಏನಮ್ಮಾ ಮಾಡ್ತೀಯ?"

"ಮನೆಗಳಿಗೆ ತಾರಸಿ ಹಾಕಿಸ್ತೀನಿ."

ಪರಮಶಿವಯ್ಯನವರಿಗೆ ಇದು ವಿಚಿತ್ರವಾಗಿ ಕಂಡರೂ, ಗಡುವು ತಲೆಯ ಮೇಲೆ ಕೂತಿದ್ದರಿಂದ ಒಪ್ಪಿದರು. ಸಪ್ಪಲಮ್ಮ ತನ್ನ ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಬಂದು ಟೆಂಟು ಬಿಚ್ಚಿದಳು. ಎಷ್ಟೋ ವರ್ಷ ಜನ ಕೂತೂ ಕೂತೂ ನುಣ್ಣಗಾಗಿದ್ದ ಹಲಗೆಗಳು, ಸರ್ವೆ ಮರದ ಗಟ್ಟಿ ಕಂಬಗಳು, ಎಲ್ಲವೂ ಎತ್ತಿನ ಗಾಡಿಯಲ್ಲಿ ಮನೆಯ ಮುಂದೆ ಬಂದು ಬಿದ್ದವು. ಸಂಜೆ ಅವಳು ನೀರು ಹಿಡಿದು ಬರುವಷ್ಟರಲ್ಲಿ ಗಂಗಯ್ಯ ಕೈಯೂರಿ ತೆವಳಿಕೊಂಡು ಬಾಗಿಲಾಚೆ ಬಂದಿದ್ದ. ಒಂದೊಂದೇ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಸೀಳುಬಿಟ್ಟಿದ್ದನ್ನು ಪಕ್ಕಕ್ಕೆ ತಳ್ಳುತ್ತಿದ್ದ. ಅವಳು ಕೊಡ ಇಳಿಸಿ, ಪಕ್ಕದಲ್ಲಿ ಕೂತು ಹಲಗೆ ಎತ್ತಿಕೊಡತೊಡಗಿದಳು.

ಆಮೇಲೆ ಭಾನುವಾರಗಳಲ್ಲಿ ಅವನು ಕೂತಲ್ಲಿಂದಲೇ ಸೆಂಟ್ರಿಂಗ್ ಕೆಲಸ ಹೇಳಿಕೊಟ್ಟ, ಅವಳು ಕಲಿತಳು. ಆದರೆ ಕೆಲಸ ಕೊಡುವವರು ಬೇಕಲ್ಲ. ಹೋದ ಕಡೆಯಲ್ಲೆಲ್ಲ ಮೇಸ್ತ್ರಿಗಳು, ಯಜಮಾನರನ್ನು ಕರೆದುಕೊಂಡು ಬಾ ಅಂದರು. ಒಂದು ಮಳೆಗಾಲ ಪೂರ್ತಿ ಹಲಗೆಗಳು ಸೋಗೆಯಡಿ ಸುಮ್ಮನೆ ಬಿದ್ದಿದ್ದವು.

ಕೊನೆಗೆ ಬಂದವನು ಚಲುವರಾಜು ಮೇಸ್ತ್ರಿ. ಶಾಲೆಯಲ್ಲಿ ಟೀಚರಾಗಿದ್ದ ನಾಗಲಕ್ಷ್ಮಮ್ಮ ಬನಶಂಕರಿ ಎರಡನೇ ಹಂತದಲ್ಲಿ ಕಟ್ಟಿಸುತ್ತಿದ್ದ ಎರಡು ಕೋಣೆಯ ಮನೆ ಅವನ ಕೈಯಲ್ಲಿತ್ತು. ಎಲ್ಲೂ ಹಲಗೆ ಸಿಗದೆ, ಮನಸ್ಸಿಲ್ಲದ ಮನಸ್ಸಿನಿಂದ ಸಪ್ಪಲಮ್ಮನ ಬಾಗಿಲಿಗೆ ಬಂದಿದ್ದ. ಅವಳು ಕಂಬ ನಿಲ್ಲಿಸಿದಳು, ಹಲಗೆ ಹಾಸಿದಳು. ಕಾಂಕ್ರೀಟ್ ಹಾಕುವ ದಿನ ಅರ್ಧ ತಾರಸಿ ಮುಗಿಯುವ ಹೊತ್ತಿಗೆ ಹಿಂದಿನ ಕೋಣೆಯ ಮೂಲೆ ಕಿರ್ರೆಂದು ಕುಸಿದು ಬಟ್ಟಲಿನಂತೆ ತಗ್ಗಾಯಿತು.

ಸಪ್ಪಲಮ್ಮ ಕೆಳಗೋಡಿ ನೋಡಿದಳು. ಹೊಸದಾಗಿ ತುಂಬಿದ ಸಡಿಲ ಮಣ್ಣಿನೊಳಗೆ ಕಂಬದ ಬುಡ ಇಳಿದುಹೋಗಿತ್ತು. ಬುಡಕ್ಕೆ ಒಂದು ಹಲಗೆ ಕೊಡಬೇಕಿತ್ತು, ಅವಳು ಕೊಟ್ಟಿರಲಿಲ್ಲ. ಮೇಲೆ ಚಲುವರಾಜು, ಇನ್ನಷ್ಟು ಕಾಂಕ್ರೀಟ್ ಸುರಿದು ಮಟ್ಟ ಮಾಡಿದರಾಯಿತು, ಕೆಳಗಿನ ಉಬ್ಬು ಗಿಲಾವು ಮೆತ್ತಿದಾಗ ಮುಚ್ಚಿಹೋಗುತ್ತದೆ ಎನ್ನುತ್ತಿದ್ದ. ಅವಳು ಮೇಲೆ ಹತ್ತಿ ಬಂದು ಕೆಲಸ ನಿಲ್ಲಿಸಿದಳು.

"ಆ ಮೂಲೆದೆಲ್ಲಾ ತೆಗೀರಿ. ತಪ್ಪು ನಂದು, ಸಿಮೆಂಟೂ ನಂದೇ."

ಚಲುವರಾಜು ಹತ್ತಿರ ಬಂದು ದನಿ ತಗ್ಗಿಸಿದ. "ತೆಗೆದ್ರೆ ಬೀದಿಗೆಲ್ಲಾ ಗೊತ್ತಾಗುತ್ತೆ ಸಪ್ಪಲಮ್ಮ. ಆಮೇಲೆ ನಿಂಗೆ ಕೆಲ್ಸ ಯಾರು ಕೊಡ್ತಾರೆ?"

"ಕೊಡದಿದ್ರೆ ಬೇಡಣ್ಣ. ಟೀಚರಮ್ಮ ಇದರ ಕೆಳಗೆ ಮಲಗಬೇಕು."

ಹಸಿ ಕಾಂಕ್ರೀಟನ್ನು ಕೆರೆದು ಕೆಳಗಿಳಿಸಿದರು. ಸಡಿಲ ಮಣ್ಣನ್ನು ಬಡಿದು ದಮ್ಮಸ್ಸು ಮಾಡಿ, ಹಲಗೆ ಕೊಟ್ಟು, ಕಂಬ ಮತ್ತೆ ನಿಲ್ಲಿಸಿದರು. ಬೆಳಕಿರುವಾಗಲೇ ಆ ಮೂಲೆಗೆ ಹೊಸ ಕಾಂಕ್ರೀಟ್ ಬಿತ್ತು. ನಾಗಲಕ್ಷ್ಮಮ್ಮ ಏನಾಯಿತೆಂದು ಕೇಳಿದಾಗ ಸಪ್ಪಲಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಟೀಚರು ಎಲ್ಲರಿಗೂ ಕಾಫಿ ಮಾಡಿಸಲು ಪಕ್ಕದ ಮನೆಗೆ ಹೋದರು.

ಮನೆಗೆ ಬಂದು ಸಪ್ಪಲಮ್ಮ ಗಂಡನಿಗೂ ಎಲ್ಲವನ್ನೂ ಹೇಳಿದಳು. ಗಂಗಯ್ಯ ಬೈಯಲಿಲ್ಲ. ಮಣ್ಣು ಎಂಥದ್ದು, ಕಂಬ ಎಷ್ಟು ಇಳಿದಿತ್ತು ಎಂದೆಲ್ಲ ವಿಚಾರಿಸಿದ. ಆಮೇಲೆ ಹೇಳಿದ: "ಮುಂದಿನ ಮನೆಗೆ ನನ್ನೂ ಗಾಡಿ ಮೇಲೆ ಹಾಕ್ಕೊಂಡು ಹೋಗು. ನೆಲ ನೋಡೋಕೆ ಕಾಲು ಬೇಕಾಗಿಲ್ಲ."

ಮುಂದಿನ ಮನೆ ಬಂತು. ಹಲಗೆ ಬಿಚ್ಚಿದಾಗ ಟೀಚರ ತಾರಸಿ ಕನ್ನಡಿಯಂತೆ ಮಟ್ಟವಾಗಿ ನಿಂತಿದ್ದನ್ನು ಆ ರಸ್ತೆಯವರೆಲ್ಲ ನೋಡಿದರು. ಸಿಮೆಂಟು ತನ್ನದೆಂದು ಹೇಳಿ ಮೂಲೆ ಕೆಡವಿಸಿದ ಹೆಂಗಸಿನ ಕಥೆಯನ್ನು ಚಲುವರಾಜುವೇ ಟೀ ಅಂಗಡಿಗಳಲ್ಲಿ ಹೇಳಿಕೊಂಡು ತಿರುಗಿದ. ಅದೇ ರಸ್ತೆಯಲ್ಲಿ ಎರಡು ಮನೆ ಸಿಕ್ಕವು, ಆಮೇಲೆ ಉತ್ತರಹಳ್ಳಿಯ ದಾರಿಯಲ್ಲಿ ಇನ್ನೊಂದು. ಹಲಗೆಯ ರಾಶಿಯ ಮೇಲೆ ಕೂತು, ಹಗ್ಗ ಹಿಡಿದು, ಗಂಗಯ್ಯ ಮೊದಲ ಸಲ ಸಾರಕ್ಕಿಯ ಬೀದಿ ದಾಟಿದಾಗ ಜನ ಅಂಗಡಿಯಿಂದ ಇಳಿದು ನೋಡಿದರು. ಅವನು ತಲೆ ತಗ್ಗಿಸಲಿಲ್ಲ. ಗಾಡಿಯ ಪಕ್ಕದಲ್ಲಿ ನಡೆಯುತ್ತಿದ್ದ ಸಪ್ಪಲಮ್ಮನಿಗೆ ಗೆದ್ದೆ ಅನ್ನಿಸಿದ್ದು ಆವತ್ತು.

ಎಂಬತ್ತರ ನಂತರ ಕಬ್ಬಿಣದ ಶೀಟುಗಳು ಬಂದವು. ಮಳೆಗೆ ಸೊಟ್ಟಗಾಗುವ ಹಲಗೆ ಯಾರಿಗೂ ಬೇಡವಾಯಿತು, ಕೆಲವು ಮೇಸ್ತ್ರಿಗಳು ಅವಳ ಕಡೆ ಬರುವುದನ್ನೇ ಬಿಟ್ಟರು. ಸಪ್ಪಲಮ್ಮ ಹೆದರಲಿಲ್ಲ. ವೆಲ್ಡಿಂಗ್ ಅಂಗಡಿಯ ಮುಂದೆ ನಿಂತು, ಒಂದು ಕೋಣೆಗಾಗುವಷ್ಟು ಶೀಟು ಮಾಡಿಸಿದಳು. ಅದು ದುಡಿದು ತಂದದ್ದರಲ್ಲಿ ಇನ್ನೊಂದು ಕೋಣೆಯದು. ಹೀಗೆಯೇ ಒಂದೊಂದು ಮನೆಗೂ ಶೀಟು ಹೆಚ್ಚಿಸಿಕೊಂಡಳು. ಟೆಂಟು ಬಿಚ್ಚಲು ಬಂದಿದ್ದ ಹೆಂಗಸರಲ್ಲಿ ಮುನಿಲಕ್ಷ್ಮಮ್ಮ ಈಗ ತನ್ನದೇ ಒಂದು ಗುಂಪು ಕಟ್ಟಿಕೊಂಡು ಅರೆಕೆರೆಯ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದಳು.

ಎಂಬತ್ತಾರರಲ್ಲಿ ಜೆ.ಪಿ. ನಗರದಲ್ಲಿ ಸಾಮಾನಿಡಲು ಒಂದು ಖಾಲಿ ಸೈಟು ಬಾಡಿಗೆಗೆ ಹಿಡಿದರು. ಬೋರ್ಡು ಬರೆಯಲು ಬಂದವನು ಗಂಗಯ್ಯನ ಹೆಸರಿನ ಮೊದಲ ಅಕ್ಷರವನ್ನು ಆಗಲೇ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡಿದ್ದ. ಗಾಲಿಕುರ್ಚಿಯಲ್ಲಿ ಕೂತಿದ್ದ ಗಂಗಯ್ಯ ಅದನ್ನು ಒರೆಸಲು ಹೇಳಿದ.

"ಸಪ್ಪಲಮ್ಮ ಸೆಂಟ್ರಿಂಗ್ ವರ್ಕ್ಸ್ ಅಂತ ಬರಿಯಪ್ಪ. ದೊಡ್ಡದಾಗಿ ಬರಿ, ರಸ್ತೆಗೆ ಕಾಣ್ಬೇಕು."

ಸಪ್ಪಲಮ್ಮ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಬಿ.ಟಿ.ಎಂ. ಲೇಔಟಿಗೆ ಹೊರಟಿದ್ದ ಲಾರಿಗೆ ಶೀಟು ತುಂಬಿಸಿ, ಹಗ್ಗ ಬಿಗಿಯಾಗಿದೆಯೇ ಎಂದು ಜಗ್ಗಿ ನೋಡಿ, ಡ್ರೈವರನ ಪಕ್ಕ ಹತ್ತಿ ಕೂತಳು.