ಹೊಗೆಮನೆಯ ರಾಕೆಟ್ಟುಗಳು

ಪುತ್ತೂರಿನ ಗುಜರಿ ವ್ಯಾಪಾರಿ ಕಲಂದರ್ ಕಂಡ ಗಿರಾಕಿಗಳಲ್ಲಿ ಕಡಬದ ಪಾಪ್ಪಚ್ಚನ್‌ನಂಥ ಮರುಳ ಇನ್ನೊಬ್ಬನಿರಲಿಲ್ಲ: ಹೊಟ್ಟೆಗೆ ರಬ್ಬರ್ ತೋಟ, ಪ್ರಾಣಕ್ಕೆ ರಾಕೆಟ್ ಸಿನಿಮಾಗಳ ಹಳೆ ಪೋಸ್ಟರು. ಕಲಂದರ್ ತರುತ್ತಿದ್ದ ಪೋಸ್ಟರುಗಳಲ್ಲಿ ಕೆಲವು ಗೋಡೆಯಿಂದ ಕಿತ್ತವು, ಕೆಲವು ಆಡಿನ ಬಾಯಿಂದ. ಇಸವಿ ಇದ್ದ ಅಂಚನ್ನೇ ಆಡು ಮೊದಲು ತಿಂದಿರುತ್ತಿತ್ತು. "ಇದು ಎಷ್ಟು ಹಳತು?" ಎಂದರೆ, "ನಿಮಗೆ ಎಷ್ಟು ಹಳತು ಬೇಕು ಚೇಟಾ?" ಎನ್ನುತ್ತಿದ್ದ ಕಲಂದರ್, ಅವನ ಮಲಯಾಳದಲ್ಲೇ ಅಣ್ಣನೆಂದು ಕರೆದು. ಬೂಸ್ಟು ಹಿಡಿಯದಿರಲೆಂದು ಪಾಪ್ಪಚ್ಚನ್ ಅವನ್ನು ರಬ್ಬರ್ ಹಾಳೆ ಒಣಗಿಸುವ ಹೊಗೆಮನೆಯಲ್ಲಿ, ಹಾಳೆಗಳ ನಡುವೆ ನೇತುಹಾಕುತ್ತಿದ್ದ. ಮೂರೇ ದಿನಕ್ಕೆ ಕಳೆದ ವಾರದ ಪೋಸ್ಟರಿಗೂ ಮೂವತ್ತು ವರ್ಷ ಪ್ರಾಯವಾಗಿ, ಹಸಿರು ಮೈಯ ಅನ್ಯಗ್ರಹದವರು ಒಣಮೀನಿನ ಬಣ್ಣಕ್ಕೆ ತಿರುಗುತ್ತಿದ್ದರು. "ನಿಮ್ಮ ಚಂದ್ರಲೋಕಕ್ಕೆ ಹೋದರೆ ಕೆಮ್ಮು ಬರ್ತದೆ" ಎಂದು ಹೆಂಡತಿ ಏಲಿಯಮ್ಮ ಬೈಯುತ್ತಿದ್ದಳು. ಆದರೆ ಅವನು ಒಂದು ಸಿನಿಮಾವನ್ನೂ ಪೂರ್ತಿ ನೋಡಿದವನಲ್ಲ. ಪುತ್ತೂರಿನ ಟಾಕೀಸಿನಿಂದ ಊರಿಗೆ ಮರಳಲು ಇದ್ದ ಕಡಬದ ಕೊನೆಯ ಬಸ್ಸು ಇಂಟರ್‌ವಲ್ಲಿಗೇ ಹೊರಡುತ್ತಿತ್ತು. ಹಾಗಾಗಿ ಪ್ರತಿ ಪೋಸ್ಟರಿಗೂ ಒಂದೇ ಪ್ರಶ್ನೆ: "ರಾಕೆಟ್ಟಿನವರು ಕೊನೆಗೆ ಊರಿಗೆ ಮುಟ್ಟಿದರಾ ಮಾರಾಯ?" ಗಿರಾಕಿಯ ಮನಸ್ಸು ಬಲ್ಲ ಕಲಂದರ್, "ಮುಟ್ಟಿದರು, ಬ್ಯಾಂಡು ವಾದ್ಯ ಎಲ್ಲ ಇತ್ತು" ಎಂದು ಮಾರಿಬಿಡುತ್ತಿದ್ದ. ಎಂಬತ್ತೆರಡನೇ ಇಸವಿಯಲ್ಲಿ ಒಮ್ಮೆ ಮಾತ್ರ ಪಾಪ್ಪಚ್ಚನ್ ಪೋಸ್ಟರು ಬಿಡಿಸುತ್ತಾ, "ಒಂದು ಬೆಳೆ ತೆಗೆದು ವಾಪಸ್ ಹೋಗುದು ಅಂತ ಹೇಳಿಯೇ ಅಪ್ಪ ನನ್ನನ್ನು ಕೇರಳದ ಪಾಲಾದಿಂದ ಇಲ್ಲಿಗೆ ಕರಕೊಂಡು ಬಂದದ್ದು. ಆಗ ನನಗೆ ಏಳು ವರ್ಷ" ಎಂದ. ಅಂದು ಕಲಂದರ್‌ಗೆ ಸುಳ್ಳು ಬಾಯಿಗೆ ಬರಲಿಲ್ಲ. "ಇಲ್ಲ ಚೇಟಾ, ಇದರಲ್ಲಿ ಯಾರೂ ವಾಪಸ್ ಬರುದಿಲ್ಲ. ಅಲ್ಲೇ ನಿಲ್ತಾರೆ." ಪಾಪ್ಪಚ್ಚನ್ ಪೋಸ್ಟರಿನ ಕೆಂಪು ಗ್ರಹದ ಮೇಲೆ ಬಹಳ ಹೊತ್ತು ಬೆರಳಾಡಿಸಿ ಕೇಳಿದ: "ಅಲ್ಲಿ ರಬ್ಬರ್ ಆಗ್ತದಾ?"