ಮೊರ ಕೆಳಗಿಟ್ಟ ಸೀಮಂತ

ಸಿಟ್ಟು ಬಂದಾಗ ಮೌನವಾಗಿರಬೇಕು ಅಂತ ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಎಷ್ಟೋ ಲೆಕ್ಚರ್ ಕೊಟ್ಟಿದ್ದರು. ಮೊಮ್ಮಗಳ ಸೀಮಂತ ನೆನೆದರೆ ಅದ್ಯಾವುದೂ ನಿಲ್ಲೋಲ್ಲ, ಬಿಪಿ ಏರುತ್ತೆ.

ಅವಳು ಲ್ಯಾಬಿನಲ್ಲಿ ಇಲಿಗಳ ಎಂಬ್ರಿಯೋ ಮೇಲೆ ರಿಸರ್ಚ್ ಮಾಡ್ತಾಳೆ. ಹೊಟ್ಟೆಯೊಳಗೆ ಮರಿ ಎಷ್ಟು ಬೆಳೀಬೇಕು ಅನ್ನೋದನ್ನ ನೋಡಿಕೊಳ್ಳುವ ಜೀನ್ ಒಂದಿದೆಯಂತೆ. ಅಪ್ಪನದೊಂದು ಕಾಪಿ, ಅಮ್ಮನದೊಂದು. ಕೆಲಸ ಮಾಡೋದು ಅಪ್ಪನದು ಮಾತ್ರ, ಅಮ್ಮನದು ಸುಮ್ಮನಿರುತ್ತೆ. ಅಪ್ಪನ ಕಾಪಿ ಕೆಟ್ಟಿದ್ದರೆ ಮರಿ ಸಣ್ಣದಾಗಿ ಹುಟ್ಟುತ್ತೆ. ಬಸವೇಶ್ವರನಗರದ ನಮ್ಮ ಬಾಲ್ಕನಿಯಲ್ಲಿ ಅವರೆಕಾಯಿ ಸುಲೀತಾ ಇದನ್ನೆಲ್ಲ ಹೇಳಿದ್ದಳು. ನನಗೆ ಹೊಟ್ಟೆಕಿಚ್ಚೇ ಆಯಿತು. ನಾನು ಬಯಾಲಜಿ ಓದ್ತೀನಿ ಅಂದಾಗ ನಮ್ಮಪ್ಪ, ಹೋಂ ಸೈನ್ಸ್ ಸಾಕು ಅಂದಿದ್ದರು.

ಏಳನೇ ತಿಂಗಳ ಸ್ಕ್ಯಾನ್ ನೋಡಿ ಡಾಕ್ಟರು ಮಗು ಸ್ವಲ್ಪ ಸಣ್ಣಗಿದೆ, ವಾಚ್ ಮಾಡೋಣ ಅಂದರು. ಅತ್ತಿಗುಪ್ಪೆಯಲ್ಲಿರುವ ಅವಳ ಅತ್ತೆಗೆ ಕಾರಣ ತಕ್ಷಣ ಹೊಳೆಯಿತು: ಗಣಪತಿ ವಾಹನವನ್ನ ಕೊಯ್ದ ಪಾಪ, ಅದೂ ಬಸುರಿ ಇಲಿಗಳನ್ನ.

ಸೀಮಂತದ ದಿನ ಅವರ ಮನೆಯಲ್ಲಿ ಬಳೆ ತೊಡಿಸಿದ್ದಾಯಿತು. ಮಡಿಲು ತುಂಬುವ ಹೊತ್ತಿಗೆ ಅತ್ತೆ ಅಕ್ಕಿಯ ಮೊರವನ್ನ ಕೆಳಗಿಟ್ಟುಬಿಟ್ಟರು. ಈ ಕೆಲಸ ಬಿಡ್ತೀನಿ ಅಂತ ಗಣಪತಿಗೆ ತಪ್ಪುಕಾಣಿಕೆ ಕಟ್ಟಿದರೆ ಮಾತ್ರ ಮಡಿಲು ತುಂಬೋದಂತೆ. ದುಡ್ಡು ಕಟ್ಟೋ ಅರಿಶಿನ ಬಟ್ಟೆ ಆಗಲೇ ರೆಡಿ ಇತ್ತು. ಅವಳ ಗಂಡ ಅನ್ನಿಸಿಕೊಂಡವನು ಫೋನ್ ನೋಡ್ತಾ ನಿಂತಿದ್ದ.

ನನಗೆ ತಡೆಯಲಿಲ್ಲ. "ಮರಿ ಸಣ್ಣಗಾಗೋದು ಅಪ್ಪನ ಜೀನ್ ಕೆಟ್ಟಿದ್ರೆ ಕಣ್ರೀ. ಮೊದಲು ನಿಮ್ಮ ಮಗನ್ನ ಟೆಸ್ಟ್ ಮಾಡ್ಸಿ," ಅಂದೆ.

ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡರು. ಹಿಂದಿನಿಂದ ಯಾರೋ, ಈ ಅಜ್ಜಿಗೆ ಇಂಗ್ಲಿಷ್ ಜಾಸ್ತಿಯಾಯ್ತು ಅಂದರು.

ಮೊಮ್ಮಗಳು ನನ್ನ ಮೇಲೇ ತಿರುಗಿಬಿದ್ದಳು. "ಅಜ್ಜಿ, ಅದು ಇಲಿ ವಿಷಯ. ನನ್ನ ಮಗು ಯಾಕೆ ಸಣ್ಣಗಿದೆ ಅಂತ ನಂಗೇ ಗೊತ್ತಿಲ್ಲ. ನಿಂಗೂ ಗೊತ್ತಿಲ್ಲ, ಅತ್ತೆಗೂ ಗೊತ್ತಿಲ್ಲ. ನನ್ನ ಕೆಲಸ ಇಟ್ಕೊಂಡು ಇಬ್ರೂ ಜಗಳ ಆಡ್ಬೇಡಿ." ಆಮೇಲೆ ಅತ್ತೆಗೆ ತಣ್ಣಗೆ, ಕಾಣಿಕೆ ಕಟ್ಟೋಲ್ಲ, ನಾಳೆ ಲ್ಯಾಬಿಗೆ ಹೋಗ್ತೀನಿ, ಮಡಿಲು ತುಂಬದಿದ್ದರೆ ಬೇಡ ಅಂತ ಹೇಳಿ ಹಸೆಯಿಂದ ಎದ್ದಳು.

ಅವಳು ಹೇಳಿದ್ದು ಸರಿ. ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಆ ಮನೆಯ ಮೇಲಿದ್ದ ಸಿಟ್ಟು ಅಷ್ಟು. ಗಂಡ ಸತ್ತವಳು ಮಡಿಲಕ್ಕಿ ಮುಟ್ಟಬಾರದು ಅಂತ ನನ್ನನ್ನ ಮೂಲೆಯ ಕುರ್ಚಿಯಲ್ಲಿ ಕೂರಿಸಿದ್ದರು. ಎದ್ದುಬಂದು ಮೊರ ಎತ್ತಿಕೊಂಡೆ. ಮೊಮ್ಮಗಳು ಅದನ್ನ ನೋಡಿ, ಮತ್ತೆ ಕೂತು ಸೆರಗು ಒಡ್ಡಿದಳು. ನಾನು ಸುರಿದ ಅಕ್ಕಿಯಲ್ಲಿ ಅರ್ಧ ನೆಲಕ್ಕೆ ಬಿತ್ತು. ಆರತಿ ಎತ್ತೋಕೆ ಯಾರೂ ಮುಂದೆ ಬರಲಿಲ್ಲ.