ಭಾವನ ನಲವತ್ತು ನಂಬರ್ ಎಣ್ಣೆ

ನಮ್ಮ ಭಾವ ಒಂದು ದಿನವೂ ನನ್ನ ಅಂಗಡಿಯ ಹೊಸ್ತಿಲು ದಾಟಿ ಒಳಗೆ ಬಂದವರಲ್ಲ. ಹಾಗಂತ ನಮ್ಮಿಬ್ಬರಿಗೂ ಜಗಳವೇನಿರಲಿಲ್ಲ. ಮೂವತ್ತು ವರ್ಷ ಎದುರುಬದುರು ಅಂಗಡಿ ಇಟ್ಟುಕೊಂಡಿದ್ದೆವು. ನನ್ನದು ಹೊಲಿಗೆಯದು, ಅವರದು ಎಂಜಿನ್ ಆಯಿಲಿನದು. ಮಾತಾಡಬೇಕು ಅನ್ನಿಸಿದಾಗ ರಸ್ತೆ ದಾಟಿ ಬಂದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮೆಟ್ಟಿಲ ಮೇಲೆ ನಿಲ್ಲುತ್ತಿದ್ದರು. ಒಳಗೆ ಬನ್ನಿ ಅಂದರೆ, "ಬೇಡಪ್ಪ, ನಿನ್ನ ಬಿಳಿ ಬಟ್ಟೆಗಳಿಗೂ ನನ್ನ ಕೈಗೂ ಆಗಿಬರಲ್ಲ" ಅನ್ನುತ್ತಿದ್ದರು. ನಾನೂ ಎರಡನೇ ಸಲ ಕರೆಯುತ್ತಿರಲಿಲ್ಲ.

ಊರಿನವರ ಬಾಯಲ್ಲಿ ಅವರ ಹೆಸರು 'ನಲವತ್ತು'. ಡ್ರಮ್ಮಿನಲ್ಲಿ ಬರುವ ನಲವತ್ತು ನಂಬರಿನ ಸಾದಾ ಎಣ್ಣೆಯ ಮೇಲೆ ಅವರಿಗೆ ಅಷ್ಟು ನಂಬಿಕೆ. ಅಂಗಡಿಯ ಹಲಗೆಗಳ ಮೇಲೆ ಚಿನ್ನದ ಬಣ್ಣದ ಹೊಸ ಡಬ್ಬಿಗಳು ಸಾಲಾಗಿ ಹೊಳೆಯುತ್ತಿದ್ದರೂ, ಯಾರಾದರೂ ಬಂದು "ಇರೋದ್ರಲ್ಲಿ ಒಳ್ಳೇದು ಕೊಡಿ ನಲವತ್ತಣ್ಣ" ಅಂದರೆ ಭಾವನಿಗೆ ಸಿಟ್ಟು ಬರುತ್ತಿತ್ತು.

"ಒಳ್ಳೇದು ಅಂದ್ರೆ ಯಾರಿಗೆ? ಹುರಿಗಡಲೆ ಒಳ್ಳೇದು ಅಂತ ಹಲ್ಲಿಲ್ಲದ ಅಜ್ಜಿಗೆ ಕೊಡ್ತೀರಾ?"

ಆಮೇಲೆ ಪ್ರಶ್ನೆಗಳು. ಟ್ರ್ಯಾಕ್ಟರ್ ಯಾವ ಕಾಲದ್ದು? ಎಂಜಿನ್ ಯಾವತ್ತಾದರೂ ಬಿಚ್ಚಿ ತೊಳೆಸಿದ್ದೀರಾ? ಇಲ್ಲಿಯವರೆಗೆ ಏನು ಕುಡಿಸುತ್ತಿದ್ದಿರಿ? ಈ ಕೊನೆಯ ಪ್ರಶ್ನೆಗೆ ಸರಿಯಾಗಿ ಉತ್ತರ ಬರದಿದ್ದರೆ ಎಣ್ಣೆ ಅಳೆಯುವ ಕಡ್ಡಿಯನ್ನೇ ತರಿಸುತ್ತಿದ್ದರು. ಅದರ ತುದಿಯಲ್ಲಿ ಅಂಟಿದ್ದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಾಕಿ, ಕಣ್ಣು ಮುಚ್ಚಿ, ನಾಡಿ ಹಿಡಿದ ವೈದ್ಯರ ಹಾಗೆ ಉಜ್ಜುತ್ತಿದ್ದರು. ಬಿಚ್ಚಿ ತೊಳೆದ ಎಂಜಿನ್ನಾದರೆ ಡಬ್ಬಿ, ಬಿಚ್ಚದ ಹಳೇ ಎಂಜಿನ್ನಾದರೆ ಡ್ರಮ್ಮು. ಅವರ ಮಾತು ತಪ್ಪಿದ್ದನ್ನು ಯಾರೂ ಕೇಳಿಲ್ಲ. ನನ್ನ ಅಕ್ಕನಿಗಂತೂ ಅವರು ಹೇಳಿದ್ದೇ ವೇದವಾಕ್ಯ.

ಅವರ ಮನೆಯಲ್ಲೂ ಒಂದು ಟ್ರ್ಯಾಕ್ಟರ್ ಇತ್ತು. ಅಂಗಡಿ ಇಡುವ ಮೊದಲು ಭಾವ ಅದರಲ್ಲೇ ಬಾಡಿಗೆ ಉಳುಮೆ ಮಾಡುತ್ತಿದ್ದರು. ಮದುವೆಯಾಗಿ ಅಕ್ಕ ಈ ಮನೆಗೆ ಬಂದದ್ದೂ ಅದರ ಮಡ್‌ಗಾರ್ಡಿನ ಮೇಲೆ ಕೂತೇ. ಅದು ನಿಮಿಷಕ್ಕೊಮ್ಮೆ ಕೆಮ್ಮುತ್ತಿತ್ತು, ಹೊಗೆ ಬಿಡುತ್ತಿತ್ತು, ಆದರೂ ಓಡುತ್ತಿತ್ತು. ಅದಕ್ಕೆ ಭಾವ ಹಾಕುತ್ತಿದ್ದದ್ದು ಡ್ರಮ್ಮಿನ ಎಣ್ಣೆಯನ್ನೇ, ಅಂಗಡಿಯಲ್ಲಿದ್ದದ್ದರಲ್ಲೆಲ್ಲ ಅಗ್ಗದ್ದು.

ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಒಂದು ಸಲ ಬಾಯಿಬಿಟ್ಟೂ ಹೇಳಿದ್ದೆ.

"ಕಂಡೋರ ಗಾಡಿಗೆಲ್ಲ ಚಿನ್ನದ ಡಬ್ಬಿ, ಅಕ್ಕನ ಗಾಡಿಗೆ ಮಾತ್ರ ಈ ಕಷಾಯ. ಅಲ್ವಾ ಭಾವ?"

ಅವರು ನಕ್ಕರು. "ಡಬ್ಬಿ ಎಣ್ಣೇಲಿ ಸೋಪಿನ ಗುಣ ಇದೆ ಕಣೋ, ಕೊಳೆ ತೊಳೆಯುತ್ತೆ. ನಮ್ಮದರ ಹೊಟ್ಟೇಲಿ ಎಷ್ಟು ವರ್ಷದ ಕೊಳೆ ತಳ ಹಿಡಿದು ಕೂತಿದೆಯೋ! ಅದನ್ನ ಎಬ್ಬಿಸಬಾರದು." ತೊಳೆಯುವುದು ಹೇಗೆ ಕೆಟ್ಟದಾದೀತು? ಜಿಪುಣನಿಗೆ ನೆಪ ಹುಡುಕಲು ಕಷ್ಟವೇ ಎಂದುಕೊಂಡು ನಾನು ಕತ್ತರಿ ಕೈಗೆತ್ತಿಕೊಂಡೆ.

ಭಾವನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿತ್ತು. ಆಸ್ಪತ್ರೆಯಲ್ಲಿ ಒಂದು ತಿಂಗಳು ಇಟ್ಟುಕೊಂಡು, ಇನ್ನು ನಮ್ಮ ಕೈಲಿ ಏನೂ ಇಲ್ಲ, ಶನಿವಾರ ಮನೆಗೆ ಕರೆದುಕೊಂಡು ಹೋಗಿ ಎಂದರು. ಅಕ್ಕ ಹಾಸಿಗೆಯ ಪಕ್ಕದ ಸ್ಟೂಲು ಬಿಟ್ಟು ಎದ್ದವಳಲ್ಲ. ನರ್ಸುಗಳು ದಿನಾ ಒರೆಸಿ ಒರೆಸಿ ಭಾವನ ಉಗುರಿನ ಸಂದಿಯ ಕಪ್ಪು ಕೂಡ ಹೋಗಿತ್ತು. ಆ ಬೆಳ್ಳನೆಯ ಬೆರಳುಗಳನ್ನು ನೋಡಿ ನನಗೆ ಅಳು ಬಂತು.

"ಏನಾದ್ರೂ ಬೇಕಾ ಭಾವ?" ಅಂದೆ.

"ವ್ಯಾನು ಗೀನು ಬೇಡ ಕಣೋ. ನಮ್ಮ ಗಾಡಿನೇ ತಗೊಂಡು ಬಾ. ಟ್ರೇಲರಿನಲ್ಲಿ ಹಾಸಿಗೆ ಹಾಕು, ಸಾಕು. ಅದರ ಸದ್ದು ಕೇಳ್ತಾ ಮನೆಗೆ ಹೋಗಬೇಕು."

ಅವರು ಕೇಳಿದ್ದು ಅಷ್ಟೇ. ಆ ಕೊನೆಯ ಸವಾರಿಯಲ್ಲಿ ಗಾಡಿ ಒಂದು ಸಲವೂ ಕೆಮ್ಮಬಾರದು ಎಂದು ನಾನು ಹಟ ತೊಟ್ಟೆ.

ಅಂಗಡಿಯ ಬೀಗದ ಕೈ ನನ್ನ ಹತ್ತಿರವೇ ಇತ್ತು. ಗುರುವಾರ ಬೆಳಿಗ್ಗೆ ಬಾಗಿಲು ತೆಗೆದೆ. ಮೂಲೆಯಲ್ಲಿ ಒಂದೇ ಒಂದು ಡ್ರಮ್ಮು ನಿಂತಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ 'ಮನೆಗೆ' ಎಂದು ಬರೆದಿತ್ತು. ಅಳಿದುಳಿದದ್ದೆಲ್ಲ ಮನೆಗೆ ತಾನೇ ಎಂದುಕೊಂಡು ಅದನ್ನು ದಾಟಿ ಹೋಗಿ, ಹಲಗೆಯ ಮೇಲಿನ ಎಲ್ಲಕ್ಕಿಂತ ದುಬಾರಿ ಡಬ್ಬಿಗಳನ್ನು ಇಳಿಸಿಕೊಂಡೆ. ನಾನು ದರ್ಜಿ. ನನಗೆ ಗೊತ್ತಿರುವ ಎಂಜಿನ್ನೆಂದರೆ ಹೊಲಿಗೆ ಯಂತ್ರ. ಅದಕ್ಕೆ ತೆಳ್ಳಗಿನ ತಿಳಿ ಎಣ್ಣೆ ಎರಡು ಹನಿ ಬಿಟ್ಟರೆ ಸದ್ದಿಲ್ಲದೆ ಓಡುತ್ತದೆ. ದೊಡ್ಡದಕ್ಕೂ ಅದೇ ನ್ಯಾಯ ಅಂದುಕೊಂಡು ಹಳೇ ಎಣ್ಣೆ ಬಸಿದು ಹೊಸದನ್ನು ತುಂಬಿಸಿದೆ.

ನಿಜ ಹೇಳುತ್ತೇನೆ, ಅವತ್ತು ಅದು ಹೂವಿನ ಹಾಗೆ ಓಡಿತು. ಕೆಮ್ಮೂ ಇಲ್ಲ. ನೋಡಿದಿರಾ ಭಾವ, ಎಂದು ಒಬ್ಬನೇ ಬೀಗಿದೆ.

ಶುಕ್ರವಾರ ಊರಾಚೆಯ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರೋಣ ಎಂದು ಹೊರಟೆ. ಅರ್ಧ ಗಂಟೆಯಾಗಿತ್ತೇನೋ, ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಸೊನ್ನೆಗೆ ಇಳಿಯಿತು. ಹಳೇ ಮುಳ್ಳು, ಕೆಟ್ಟಿರಬೇಕು ಎಂದು ಬೆರಳಿನಿಂದ ತಟ್ಟಿ ಮುಂದೆ ಹೋದೆ. ಆಮೇಲೆ ಒಳಗೆ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು. ಕಿರ್ರೆಂದು ಒಂದು ಚೀರು, ಗಾಡಿ ನಿಂತುಹೋಯಿತು. ಬೇರೊಂದು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಮನೆಯ ಶೆಡ್ಡಿಗೆ ತಂದೆ.

ಮೆಕ್ಯಾನಿಕ್ ಬಂದು ಎಂಜಿನ್ನಿನ ಅಡಿಯ ತಟ್ಟೆ ಬಿಚ್ಚಿದ. ಎಣ್ಣೆ ಮೇಲಕ್ಕೆ ಹೀರುವ ಕೊಳವೆಯ ಜಾಲರಿಗೆ ಕರ್ರಗಿನ ಮಡ್ಡಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು, ಒಂದು ತೂತೂ ಕಾಣುತ್ತಿರಲಿಲ್ಲ.

"ಟೈಲರಣ್ಣ, ಹೊಸ ಎಣ್ಣೆ ಹಳೇ ಕೊಳೆನೆಲ್ಲ ಒಟ್ಟಿಗೆ ಎಬ್ಬಿಸಿದೆ. ಅದು ಬಂದು ಜಾಲರಿ ಕಟ್ಟಿದೆ. ಎಣ್ಣೆ ಮೇಲಕ್ಕೇ ಹೋಗದೆ ಎಂಜಿನ್ ಕಚ್ಚಿಕೊಂಡಿದೆ. ಈ ಕಾಲದ ಗಾಡಿಗೆ ಸಾಮಾನು ಎಲ್ಲಿಂದ ತರೋದು? ಮುಗೀತು ಇದರ ಕತೆ."

ನಾನು ಬಗ್ಗಿ ಆ ಮಡ್ಡಿಯನ್ನು ಉಗುರಿನಿಂದ ಕೆರೆದು ನೋಡಿದೆ.

"ಅಲ್ಲ, ಅಂಗಡೀಲಿ ಡ್ರಮ್ ಇರಲಿಲ್ವಾ?" ಅಂದ ಅವನು. "ಆ ಎಣ್ಣೆ ಈಗ ಬರೋದೇ ಅಪರೂಪ. ನಾನೇ ಒಂದು ಡಬ್ಬ ಕೊಡಿ ಅಂತ ಎಷ್ಟು ಗೋಗರೆದ್ರೂ ನಲವತ್ತಣ್ಣ ಕೊಟ್ಟಿರಲಿಲ್ಲ. ಇದು ಮನೆಯವಳ ಗಾಡಿಗೆ ಅಂದಿದ್ರು."

ಯಾರಿಗೂ ಹೇಳಬೇಡ ಎಂದು ಅವನ ಕೈ ಹಿಡಿದು ಬೇಡಿಕೊಂಡೆ. ಅವನು ತಟ್ಟೆ ಮುಚ್ಚಿ, ಬಸಿದ ಎಣ್ಣೆಯನ್ನೇ ಮತ್ತೆ ತುಂಬಿ ಹೋದ.

ಶನಿವಾರ ಭಾವ ಬಾಡಿಗೆ ವ್ಯಾನಿನಲ್ಲಿ ಮನೆಗೆ ಬಂದರು. ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಎಂದಷ್ಟೇ ಹೇಳಿದ್ದೆ. ದಾರಿಯುದ್ದಕ್ಕೂ ಅವರು ಕಿಟಕಿಯ ಕಡೆಗೇ ಮುಖ ಮಾಡಿದ್ದರು. ಹಾಸಿಗೆಯಲ್ಲಿ ಮಲಗಿಸಿದ ಮೇಲೆ, ಅಕ್ಕ ನೀರು ಕಾಯಿಸಲು ಒಳಗೆ ಹೋದಾಗ, "ಗಾಡಿಯ ಎಣ್ಣೆ ಕಡ್ಡಿ ತಗೊಂಡು ಬಾ" ಅಂದರು.

ತಂದುಕೊಟ್ಟೆ. ಆ ಬೆಳ್ಳನೆಯ ಬೆರಳುಗಳ ನಡುವೆ ಎಣ್ಣೆ ಹಾಕಿ ಕಣ್ಣು ಮುಚ್ಚಿ ಉಜ್ಜಿದರು. ಒಂದು ಸಲ, ಎರಡು ಸಲ. ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದರು.

"ಡಬ್ಬೀದಾ?"

ಹೌದೆಂದು ತಲೆಯಾಡಿಸಿದೆ.

"ಮನೆಗೆ ಅಂತ ಬರೆದಿದ್ದೆನಲ್ಲೋ" ಅಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಅಕ್ಕ ಬಂದಳು. "ಏನಾಗಿದೆಯಂತೆ ಅದಕ್ಕೆ?"

ಭಾವ ನನ್ನ ಮುಖದಿಂದ ಕಣ್ಣು ತೆಗೆಯದೆ ಹೇಳಿದರು, "ಬ್ಯಾಟರಿ ಹೋಗಿದೆ, ಅಷ್ಟೇ. ಹೊಸದು ಹಾಕಿದ್ರೆ ಓಡುತ್ತೆ." ಆಮೇಲೆ ಬೆರಳು ಒರೆಸಿಕೊಳ್ಳಲು ಚಿಂದಿಗಾಗಿ ಆಚೀಚೆ ನೋಡಿದರು. ನಾನು ನನ್ನ ಬಿಳಿ ಅಂಗಿಯ ತುದಿಯನ್ನು ಮುಂದೆ ಹಿಡಿದೆ. ಸ್ವಲ್ಪ ಹಿಂಜರಿದು, ಒರೆಸಿಕೊಂಡರು.

ಒಂಬತ್ತನೇ ದಿನ ಭಾವ ಹೋದರು.

ಅವರು ಹೋಗಿ ಒಂದು ತಿಂಗಳಾಗಿರಬೇಕು. ನಿನ್ನೆ ಮಧ್ಯಾಹ್ನ ಅಕ್ಕ ಬರಹೇಳಿದಳು. ಹೋದರೆ ಶೆಡ್ಡಿನಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸ್ಪ್ಯಾನರ್ ಹಿಡಿದು ನಿಂತಿದ್ದಳು. ಗಾಡಿಯಲ್ಲಿ ಹೊಸ ಬ್ಯಾಟರಿ ಕೂತಿತ್ತು.

"ತಂತಿ ಎಲ್ಲ ಬಿಗಿ ಮಾಡಿದೀನಿ. ಮೇಲೆ ಹತ್ತಿ ಕೀ ತಿರುಗಿಸು" ಅಂದಳು. "ಅವರಿಗಂತೂ ಕೇಳಿಸಿಕೊಳ್ಳೋ ಪುಣ್ಯ ಇರಲಿಲ್ಲ. ನಾನಾದ್ರೂ ಒಂದು ಸಲ ಆ ಸದ್ದು ಕೇಳ್ತೀನಿ."

ಸೀಟಿನ ಮೇಲೆ ಕೂತೆ. ಕೀ ತಿರುಗಿಸಿದೆ. ಟಕ್ ಎಂದಿತು, ಅಷ್ಟೇ. ಅಕ್ಕ ಮತ್ತೆ ಬಗ್ಗಿ ತಂತಿಗಳನ್ನು ಬಿಗಿ ಮಾಡತೊಡಗಿದಳು. ಅವಳ ಬೆನ್ನು ನೋಡುತ್ತಾ ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಬಿಡು. ಬ್ಯಾಟರಿ ಅಲ್ಲ."

"ಬ್ಯಾಟರಿನೇ ಕಣೋ. ಕಡ್ಡಿ ಹಿಡಿದು ನೋಡಿ ಅವರೇ ಹೇಳಿದ್ರಲ್ಲ. ಅವರ ಮಾತು ಯಾವತ್ತಾದ್ರೂ ತಪ್ಪಿದೆಯಾ?"

"ತಪ್ಪಿಲ್ಲ ಅಕ್ಕ. ಅವತ್ತೊಂದು ದಿನ ಬೇಕಂತಲೇ ಸುಳ್ಳು ಹೇಳಿದ್ರು. ನನ್ನ ಉಳಿಸೋಕೆ."

ಡ್ರಮ್ಮು, ಡಬ್ಬಿ, ಮುಳ್ಳು, ಎಲ್ಲ ಹೇಳಿದೆ. ಅವಳು ಸ್ಪ್ಯಾನರನ್ನು ನೆಲದ ಮೇಲಿಟ್ಟು, ಮದುವೆಯ ದಿನ ಕೂತಿದ್ದ ಆ ಮಡ್‌ಗಾರ್ಡನ್ನು ಸೆರಗಿನಿಂದ ಒರೆಸಿ, ಹತ್ತಿ ಕೂತಳು. ನಾನು ಇಳಿಯಲು ಹೊರಟೆ.

"ಕೂತಿರು" ಅಂದಳು. "ಇನ್ನೊಂದು ಸಲ ತಿರುಗಿಸು. ಅವರ ಮಾತು ಸುಳ್ಳಾಗೋದು ಬೇಡ."

ನಾನು ಮತ್ತೆ ಕೀ ತಿರುಗಿಸಿದೆ.